ಸ್ಲ್ಯಾಗ್ ಸಿಮೆಂಟ್ ಕೆಟ್ಟದ್ದಲ್ಲ, ನಾವು ನೀರು ಹಾಕೋದೇ ಕಮ್ಮಿ

ಚಿತ್ರದುರ್ಗ: ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಊರಿನ ಸಿಮೆಂಟ್ ಅಂಗಡಿಗೆ ಹೋದರೂ ಮನೆ ಕಟ್ಟಿಸುವವರ ಪ್ರಶ್ನೆ ಒಂದೇ: ‘ಮೋಲ್ಡ್‌ಗೆ ಯಾವುದು ಗಟ್ಟಿ?’ ಪಿಪಿಸಿ, ಪಿಎಸ್‌ಸಿ ಅಂದರೆ ‘ಬೂದಿ ಸಿಮೆಂಟ್, ಬೇಡ’ ಅನ್ನೋರು ಇದ್ದಾರೆ. ಈ ಅನುಮಾನ ಎಷ್ಟು ಸರಿ?

ಬೂದಿ ಬಂದಿದ್ದೆಲ್ಲಿಂದ?

ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಟ್ಟರೆ ಕ್ಲಿಂಕರ್ ಸಿಗುತ್ತೆ. ಅದನ್ನು ಜಿಪ್ಸಂ ಜೊತೆ ಅರೆದರೆ ಓಪಿಸಿ. ಒಂದು ಟನ್ ಕ್ಲಿಂಕರ್ ಮಾಡಿದರೆ ಮುಕ್ಕಾಲು ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿನಿಂದಲೇ ಬರೋದು, ಕಲ್ಲಿದ್ದಲಿನಿಂದಲ್ಲ.

ಹಾಗಾಗಿ ಕ್ಲಿಂಕರ್ ಕಮ್ಮಿ ಮಾಡೋದೇ ದಾರಿ. ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ಇದೆ. ಕಬ್ಬಿಣ ಕರಗಿಸಿದಾಗ ಮೇಲೆ ತೇಲುವ ಕಿಟ್ಟವೇ ಸ್ಲ್ಯಾಗ್. ಅದನ್ನು ನೀರು ಹೊಡೆದು ದಿಢೀರ್ ತಣಿಸಿದರೆ ಮರಳಿನಂತಾಗುತ್ತೆ, ಅರೆದರೆ ಸಿಮೆಂಟಿನ ಗುಣ ಬರುತ್ತೆ. ಅಲ್ಲೇ ಸ್ಲ್ಯಾಗ್ ಸಿಮೆಂಟ್ ಘಟಕವೂ ಇದೆ. ಕುಡಿತಿನಿ, ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಪಿಪಿಸಿಗೆ ಬೇಕಾದ ಸರಕು.

ಇದು ಕಲಬೆರಕೆ ಅಲ್ಲ. ಪಿಪಿಸಿಯಲ್ಲಿ ಶೇ 15ರಿಂದ 35 ಹಾರುಬೂದಿ (ಐಎಸ್ 1489), ಪಿಎಸ್‌ಸಿಯಲ್ಲಿ ಶೇ 25ರಿಂದ 70 ಸ್ಲ್ಯಾಗ್ (ಐಎಸ್ 455) ಇರಲು ಮಾನದಂಡವೇ ಒಪ್ಪಿದೆ.

ಲೆಕ್ಕ ಹಾಕಿ ನೋಡಿ. ಅರ್ಧ ಸ್ಲ್ಯಾಗ್ ಇರುವ 50 ಕೆ.ಜಿ. ಚೀಲದಲ್ಲಿ ಅಂದಾಜು 20 ಕೆ.ಜಿ. ಇಂಗಾಲ ಉಳಿಯುತ್ತೆ. 400 ಚೀಲದ ಮನೆಗೆ 8 ಟನ್.

ಹಾಗಾದರೆ ಬಿರುಕು ಯಾಕೆ?

ಸ್ಲ್ಯಾಗ್, ಬೂದಿ ಎರಡೂ ನಿಧಾನಕ್ಕೆ ಗಟ್ಟಿಯಾಗುತ್ತವೆ. ಮೊದಲ ವಾರ ಓಪಿಸಿ ಮುಂದಿರುತ್ತೆ. ತೇವ ಸಿಕ್ಕರೆ ಇವು ತಿಂಗಳುಗಟ್ಟಲೆ ಬಲಿಯುತ್ತಾ ಹೋಗುತ್ತವೆ, ನೀರಿನ ತೊಟ್ಟಿ, ಪಾಯಕ್ಕೆ ಒಳ್ಳೇದು. ಆದರೆ ನಡುವೆ ಒಣಗಿದರೆ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತೆ.

ಕಾಂಕ್ರೀಟ್ ಸಂಹಿತೆ ಐಎಸ್ 456 ಪ್ರಕಾರ ಓಪಿಸಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟ್‌ಗೆ 10 ದಿನ ಕ್ಯೂರಿಂಗ್ ಬೇಕು. ಬಿಸಿಲು, ಒಣಹವೆ ಇದ್ದರೆ ಮಿಶ್ರ ಸಿಮೆಂಟ್‌ಗೆ 14 ದಿನ. ನಮ್ಮದು ಬಯಲುಸೀಮೆ, ಬೇಸಿಗೆಯಲ್ಲಿ ಬೋರ್‌ವೆಲ್‌ಗೇ ನೀರಿಲ್ಲ. ಟ್ಯಾಂಕರ್ ದುಡ್ಡು ಉಳಿಸೋಕೆ ನಾಲ್ಕೇ ದಿನಕ್ಕೆ ನೀರು ನಿಲ್ಲಿಸಿದರೆ, ಆಮೇಲೆ ಬೈಗುಳ ತಿನ್ನೋದು ಸಿಮೆಂಟ್ ಮತ್ತು ಅಂಗಡಿಯವರು.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಮಿಶ್ರ ಸಿಮೆಂಟ್ ಸಾಮಾನ್ಯವಾಗಿ ಓಪಿಸಿಗಿಂತ ಅಗ್ಗ. ಉಳಿದ ದುಡ್ಡಲ್ಲಿ ಒಂದು ಪಾಲು ನೀರಿಗೆ ಎತ್ತಿಡಬೇಕು. ಮೋಲ್ಡ್ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ, ಕಂಬಕ್ಕೆ ಒದ್ದೆ ಗೋಣಿಚೀಲ ಸುತ್ತಿ. ಹೀಗೆ ಮಾಡಿದರೆ ನೀರೂ ಕಮ್ಮಿ ಸಾಕು. ಸೆಂಟ್ರಿಂಗ್ ಬಿಚ್ಚೋಕೆ ಅವಸರ ಬೇಡ.

ಅಂಗಡಿಯವರಿಗೂ ಒಂದು ಮಾತು: ಪಿಎಸ್‌ಸಿ, ಪಿಪಿಸಿ ಮಾರುವಾಗ ಬಿಲ್ ಮೇಲೆ ‘14 ದಿನ ನೀರು’ ಅಂತ ಬರೆದುಕೊಡಿ. ಚೀಲದ ಮೇಲಿನ ಐಎಸ್ ನಂಬರ್, ತಯಾರಿಕೆ ವಾರ ತೋರಿಸಿ. ನಾಳೆ ಬರುವ ಜಗಳ ಅಲ್ಲೇ ಅರ್ಧ ಮುಗಿಯುತ್ತೆ.