ಮತವಿಲ್ಲದ ಎರೆಹುಳು



1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರು ದೊರೆಯಿತೆಂದು ನಿಮಗೆ ಪಾಠ ಹೇಳಿದ್ದೆ. ಅದೇ ದೊರೆ ತನ್ನ ಐದನೆಯ ಸ್ತಂಭಶಾಸನದಲ್ಲಿ, ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂದು ಕಟ್ಟಪ್ಪಣೆ ಮಾಡಿದ್ದನ್ನು ಹೇಳಿರಲಿಲ್ಲ. ಅದು ನನ್ನ ಲೋಪ.

ಇಂದು ಸಿಂಧನೂರಿನ ಗದ್ದೆಗಳಲ್ಲಿ ಭತ್ತದ ಕೊಯ್ಲಾದೊಡನೆ ಕೂಳೆಗೆ ಬೆಂಕಿಯಿಡುವವರಲ್ಲಿ ನನ್ನ ಶಿಷ್ಯರೂ ಇದ್ದಾರೆ. ಕಂದು ಜಿಗಿಹುಳುವನ್ನು ತಿನ್ನುವ ಜೇಡವನ್ನು ಸುಟ್ಟು, ಅದೇ ಜಿಗಿಹುಳುವಿಗೆಂದು ಸಾಲ ಮಾಡಿ ಔಷಧ ತರುವುದು ಯಾವ ಜಾಣತನ?

2021ರ ಮಸ್ಕಿ ಉಪಚುನಾವಣೆಯಲ್ಲಿ 5ಎ ಕಾಲುವೆಯ ಮಾತು ಮೊಳಗಿತು. ನ್ಯಾಯವೇ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕ್ಷೇತ್ರಗಳಲ್ಲಿ ನೀರು ಕೇಳುವ ನಾವು, ನೀರನ್ನು ಇಂಗಿಸುವ ಎರೆಹುಳುವನ್ನು ಮರೆತಿದ್ದೇವೆ. ಅದಕ್ಕೆ ಮತವಿಲ್ಲ. ಮತವುಳ್ಳ ನೀವಾದರೂ ಈ ಸಲ ಕಡ್ಡಿ ಗೀರದಿರಿ. ಕೂಳೆಯನ್ನು ಮಣ್ಣಿಗೆ ಸೇರಿಸಿರಿ.