ರಾಜನ ಹೆಸರು ಮುಷ್ಕರ, ಬಸ್ಸು ಬರುತ್ತದೆಯೇ?

ಅಪ್ಪನ ಹೆಸರು ಅವಿನೀತ. ಮಗ ದುರ್ವಿನೀತ. ಮೊಮ್ಮಗ ಮುಷ್ಕರ. ಮಾಲೂರಿನಿಂದ ಮಾಸ್ತಿಗೆ ಹೊರಟ ಸಂಜೆ ಬಸ್ಸಿನಲ್ಲಿ ಯಾರಾದರೂ ಈ ಹೆಸರುಗಳನ್ನು ಗಟ್ಟಿಯಾಗಿ ಓದಿದರೆ ಸಾಕು, ಹಿಂದಿನ ಸೀಟಿನ ತನಕ ನಗೆ ಏಳುತ್ತದೆ. ‘ಅಪ್ಪನಿಗೆ ಮರ್ಯಾದೆ ಗೊತ್ತಿಲ್ಲ, ಮಗನದು ಕೆಟ್ಟ ನಡತೆ, ಮೊಮ್ಮಗ ಬಸ್ಸೇ ಬಿಡಲ್ಲ’ ಎಂದು ಒಬ್ಬರು. ‘ಮರಿಮಗನ ಹೆಸರು ಬಂದ್ ಇರಬೇಕು ಕಣಣ್ಣ’ ಎಂದು ಇನ್ನೊಬ್ಬರು.

ಇವು ನಗೆ ಚಿತ್ರಕಥೆಗೆಂದು ಕಟ್ಟಿದ ಹೆಸರುಗಳಲ್ಲ ಸ್ವಾಮೀ. ಇಂದಿನ ಕೋಲಾರವೇ ಅಂದಿನ ಕುವಲಾಲ. ಅಲ್ಲಿಂದ ಆಳಲು ಶುರುಮಾಡಿದ ಗಂಗ ವಂಶದ ಅಸಲಿ ಅರಸರು ಇವರು. ರಾಜಧಾನಿ ತಲಕಾಡಿಗೆ ಹೋದ ಮೇಲೂ ‘ಕುವಲಾಲಪುರವರೇಶ್ವರ’ ಎಂಬ ಬಿರುದನ್ನು ಆ ವಂಶ ಬಿಡಲಿಲ್ಲ.

ಇಂಥ ನಗೆಯಿಂದಲೇ ಫ್ರಾನ್ಸಿನವರು ದೊಡ್ಡ ವ್ಯಾಪಾರ ಮಾಡಿಕೊಂಡರು. 1959ರಲ್ಲಿ ಗೊಸಿನ್ನಿ, ಉಡೆರ್ಜೊ ಎಂಬಿಬ್ಬರು ಆಸ್ಟೆರಿಕ್ಸ್ ಚಿತ್ರಕಥೆ ಶುರುಮಾಡಿದರು. ಸೀಜರನ ವಿರುದ್ಧ ಬಡಿದಾಡಿದ ಅಲ್ಲಿನ ಹಳೆಯ ನಾಯಕ ವೆರ್ಸಿಂಜೆಟೊರಿಕ್ಸ್. ಆ ಹೆಸರಿನ ಬಾಲ ಹಿಡಿದು ಹಳ್ಳಿಯವರಿಗೆಲ್ಲ ‘ಇಕ್ಸ್’ ಅಂಟಿಸಿದರು, ರೋಮನ್ನರಿಗೆ ‘ಅಸ್’. ಓದುಗರು ಹೆಸರು ಓದಿ ನಕ್ಕರು, ನಗುತ್ತ ಇತಿಹಾಸವನ್ನೂ ಅಷ್ಟಿಷ್ಟು ಕಲಿತರು. ಅವರು ಕುಳಿತು ಹೆಸರು ಹೊಸೆಯಬೇಕಾಯಿತು. ನಮ್ಮ ಜಿಲ್ಲೆಗೆ ಆ ಕಷ್ಟವೂ ಇಲ್ಲ.

ಹೆಸರು ಕೇಳಿ ನಕ್ಕ ಹುಡುಗನಿಗೆ ಗದರುವ ಮೇಷ್ಟ್ರುಗಳಿದ್ದಾರೆ. ಗದರಿಕೆ ಯಾಕೆ? ‘ವಿನೀತ’ ಎಂದರೆ ಪಳಗಿದ ಎಂದೂ ಅರ್ಥ, ಪಳಗಿದ ಕುದುರೆಗೂ ಆ ಮಾತು ಸಲ್ಲುತ್ತದೆ. ಆ ಲೆಕ್ಕದಲ್ಲಿ ಅವಿನೀತ ಯಾರೂ ಪಳಗಿಸಲಾಗದ ಗಂಡು. ಇಷ್ಟು ಹೇಳಿದರೆ ಹುಡುಗ ಮುಂದಿನದನ್ನು ತಾನೇ ಕೇಳುತ್ತಾನೆ. ಮುಂದಿನದು ಇನ್ನೂ ಸೊಗಸಾಗಿದೆ. ಶ್ರೀನಿವಾಸಪುರ ತಾಲ್ಲೂಕಿನ ಗುಮ್ಮರೆಡ್ಡಿಪುರದ ತಾಮ್ರಶಾಸನದ ಪ್ರಕಾರ ಈ ‘ಕೆಟ್ಟ ನಡತೆಯ’ ದುರ್ವಿನೀತ ಮಹಾ ಪಂಡಿತ. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ವ್ಯಾಖ್ಯಾನ ಬರೆದವನು. ಆ ಸರ್ಗ ಸಾಮಾನ್ಯದ್ದಲ್ಲ, ಅದರ ಒಂದು ಶ್ಲೋಕ ಹೆಚ್ಚುಕಡಿಮೆ ‘ನ’ ಒಂದರಿಂದಲೇ ಕಟ್ಟಿದ್ದು, ಓದಿದರೆ ನಾಲಿಗೆ ಗಂಟು ಬೀಳಬೇಕು. ಕನ್ನಡ ಗದ್ಯ ಬರೆದವರ ಸಾಲಿನಲ್ಲಿ ಕವಿರಾಜಮಾರ್ಗವೂ ದುರ್ವಿನೀತನನ್ನು ಹೆಸರಿಸುತ್ತದೆ. ಅವನ ಅಪ್ಪನಿಗೋ ತಾಯಿಯ ಮಡಿಲಲ್ಲೇ ಪಟ್ಟ ಕಟ್ಟಿದರಂತೆ! ಚಿತ್ರ ಬರೆಯುವವನಿಗೆ ಇನ್ನೇನು ಬೇಕು?

ಇಂದ್ರಜಾಲ ಕಾಮಿಕ್ಸ್ ಕಾಲದ ಹುಡುಗರಿಗೆ ಫ್ಯಾಂಟಮ್‌ನ ಡೆಂಕಾಲಿ ಕಾಡು ಬಾಯಿಪಾಠ. ಅಮರ ಚಿತ್ರಕಥೆಯಲ್ಲಿ ಕೃಷ್ಣದೇವರಾಯ ಬಂದ, ತೆನಾಲಿ ರಾಮ ಬಂದ, ಶಾಂತಲೆಯೂ ಬಂದಳು. ದುರ್ವಿನೀತ ಮಾತ್ರ ನಮ್ಮ ಮಕ್ಕಳ ಬಾಯಿಗೆ ಬಂದದ್ದು ಪರೀಕ್ಷೆಯ ಹಿಂದಿನ ರಾತ್ರಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೂ ಐತಿಹಾಸಿಕ ಕಾದಂಬರಿಗೆ ಬಿದನೂರಿಗೆ ಹೋದರು, ಕೊಡಗಿಗೆ ಹೋದರು. ಚಿಕವೀರ ರಾಜೇಂದ್ರಕ್ಕೆ 1983ರ ಜ್ಞಾನಪೀಠ ಬಂತು, ಊರಿಗೆ ಹೆಸರು ಬಂತು, ಅದು ಸರಿ. ಗಂಗರ ಪಾಲಿಗೆ ಏನೂ ಬರಲಿಲ್ಲ.

ಇದರ ನಷ್ಟ ಬರೀ ನಗೆಯದಲ್ಲ. ಬೆಂಗಳೂರಿನವರು ಮಾಸ್ತಿ ಎಂದರೆ ‘ಮಸ್ತಿ’ಯಾ ಎಂದು ತಮಾಷೆ ಮಾಡುತ್ತಾರೆ. ಮಾಸ್ತಿ ಎಂದರೆ ಮಹಾಸತಿ, ಗಂಡನ ಚಿತೆ ಏರಿದ ಹೆಣ್ಣು, ಅವಳ ನೆನಪಿಗೆ ನೆಟ್ಟದ್ದು ಮಾಸ್ತಿಕಲ್ಲು ಎಂದು ಎದುರುತ್ತರ ಕೊಡುವ ಹುಡುಗರು ಎಷ್ಟು ಜನ? ಹೆಸರಿನ ಹಿಂದಿನ ಕಥೆ ಗೊತ್ತಿಲ್ಲದಿದ್ದರೆ ವೀರಗಲ್ಲು ಬಟ್ಟೆ ಒಗೆಯುವ ಬಂಡೆ, ಶಾಸನ ಮೋರಿಯ ಚಪ್ಪಡಿ. ನಾಡಿನ ಎಷ್ಟೋ ಊರುಗಳಲ್ಲಿ ಆದದ್ದು ಇದೇ ತಾನೆ?

ಆದ್ದರಿಂದ ಶಾಲೆಗಳ ಡ್ರಾಯಿಂಗ್ ಮೇಷ್ಟ್ರುಗಳು, ಪಂಚಾಯಿತಿ ಗ್ರಂಥಾಲಯಗಳು, ಜಿಲ್ಲೆಯ ಸಂಜೆ ಪತ್ರಿಕೆಗಳು ಸೇರಿ ಈ ವರ್ಷವೇ ಒಂದು ಚಿತ್ರಕಥೆ ತೆಗೆಯಬೇಕು. ದಿನಕ್ಕೆ ನಾಲ್ಕು ಚೌಕ ಸಾಕು. ಮೊದಲ ಚೌಕದಲ್ಲಿ ತಾಯಿಯ ಮಡಿಲಲ್ಲಿ ಕಿರೀಟ ಹೊತ್ತ ಕೂಸು. ಮುಷ್ಕರನ ಸರದಿಯನ್ನು ಯಾವುದಾದರೂ ಸೋಮವಾರಕ್ಕೆ ಇಟ್ಟುಕೊಳ್ಳಲಿ, ಬಸ್ಸು ತಡವಾದಾಗ ನಿಲ್ದಾಣದಲ್ಲಿ ನಿಂತವರಿಗೆ ಓದಲು ಆಗುತ್ತದೆ.