ಓಪನಿಂಗ್ ಅಂಗೈಯಲ್ಲಿದೆ, ಅಂತ್ಯದಾಟಕ್ಕೆ ಅಂಗಳವೆಲ್ಲಿದೆ?

ಟಿ.ಬಿ. ಡ್ಯಾಂ: ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದ ಆಟದ ಮಣೆಗಳು ಇಂದಿಗೂ ಕಾಣಸಿಗುತ್ತವೆ. ಮಣೆಯಾಟ ಈ ಸೀಮೆಗೆ ಹೊಸತಲ್ಲ. ಆದರೂ ಚದುರಂಗದಲ್ಲಿ ಕರ್ನಾಟಕವು ನೆರೆಯ ತಮಿಳುನಾಡಿಗಿಂತ ಹಿಂದುಳಿದದ್ದೇಕೆ? ಉತ್ತರದ ಸುಳಿವು 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ಒಂದು ಆಟದಲ್ಲಿದೆ.

ವಿಶ್ವ ಚಾಂಪಿಯನ್‌ಷಿಪ್‌ನ 14ನೆಯ ಹಾಗೂ ಕೊನೆಯ ಆಟವದು. ಅಂಕ 6.5–6.5. ಬಿಳಿಕಾಯಿ ಹಿಡಿದ ಚೀನಾದ ಡಿಂಗ್ ಲಿರೆನ್ ಮೊದಲು ಕುದುರೆಯನ್ನು ನಡೆಸಿ, ಒಂಟೆಯನ್ನು ಉದ್ದ ಕರ್ಣದ ಮೇಲೆ ನಿಲ್ಲಿಸಿದರು. ಇದು ಗ್ರುನ್‌ಫೆಲ್ಡ್ ವ್ಯೂಹದ ತಿರುವುಮುರುವು ರೂಪ. ಕಪ್ಪಿನ ವ್ಯೂಹವನ್ನು ಬಿಳಿಯು ಒಂದು ನಡೆಯ ಲಾಭದೊಡನೆ ಹೂಡುವ ಕ್ರಮ. ಆಸ್ಟ್ರಿಯದ ಅರ್ನ್ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ಆಡಿದ್ದರಿಂದ ಆ ಹೆಸರು ಬಂತು. ಆದರೆ 1855ರಷ್ಟು ಹಿಂದೆಯೇ ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ, ಜಾನ್ ಕೊಕ್ರೇನ್ ವಿರುದ್ಧ ಇದನ್ನು ಆಡಿದ್ದರು.

ಓಪನಿಂಗ್ ಡಿಂಗ್‌ಗೆ ಸೋಲು ತರಲಿಲ್ಲ. ಅವರು ಕಾಯಿಗಳನ್ನು ಬದಲಿಸಿಕೊಂಡು, ಒಂದು ಕಾಲಾಳು ಕಡಿಮೆಯಾದರೂ ಡ್ರಾ ಆಗಬಲ್ಲ ಸ್ಥಿತಿ ತಲುಪಿದ್ದರು. ಡಿ. ಗುಕೇಶ್ ಮಾತ್ರ ಡ್ರಾಗೆ ಒಪ್ಪದೆ ಗಂಟೆಗಟ್ಟಲೆ ಒತ್ತಡ ಹೇರಿದರು. 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ತಪ್ಪು ಮನೆಗೆ ಸರಿಸಿದರು. ಆನೆಗಳು ಬದಲಾದವು, ಮೂಲೆಯಲ್ಲಿದ್ದ ಒಂಟೆಗೂ ಬದಲಾಗದೆ ಗತಿಯಿರಲಿಲ್ಲ. ಉಳಿದ ಕಾಲಾಳುಗಳ ಆಟ ಗುಕೇಶ್‌ಗೆ ಗೆಲುವಾಗಿತ್ತು. 18ರ ಹರೆಯದಲ್ಲೇ ಅವರು ವಿಶ್ವ ಚಾಂಪಿಯನ್ ಆದರು.

ಪಾಠ ಸ್ಪಷ್ಟ. ಓಪನಿಂಗ್ ಇಂದು ಮೊಬೈಲ್‌ನಲ್ಲಿ ಹೊಸಪೇಟೆಯ ಬಾಲಕನಿಗೂ ದೊರೆಯುತ್ತದೆ. ಐದನೆಯ ಗಂಟೆಯ ತಾಳ್ಮೆ ಮಾತ್ರ ಪ್ರಬಲ ಎದುರಾಳಿಗಳೊಡನೆ ದೀರ್ಘ ಆಟಗಳನ್ನು ಆಡಿಯೇ ಬರಬೇಕು. ಗ್ರ್ಯಾಂಡ್‌ಮಾಸ್ಟರ್ ಆಗಲು ಸಾಮಾನ್ಯವಾಗಿ ಮೂರು ನಾರ್ಮ್ ಹಾಗೂ 2500 ರೇಟಿಂಗ್ ಬೇಕು. ಎರಡೂ ಅಂಥ ಟೂರ್ನಿಗಳಲ್ಲೇ ದಕ್ಕುವಂಥವು. ಚೆನ್ನೈನ ವಿಶ್ವನಾಥನ್ ಆನಂದ್ 1988ರಲ್ಲಿ ಆ ಪದವಿಗೇರಿದರೆ, ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಬಂದದ್ದು 2017ರಲ್ಲಿ. ನಡುವೆ 29 ವರ್ಷ! ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿ ಗೆದ್ದದ್ದು ಪ್ರತಿಭೆಗೆ ಕೊರತೆಯಿಲ್ಲವೆಂಬುದಕ್ಕೆ ಸಾಕ್ಷಿ.

ಆದ್ದರಿಂದ ಬಹುಮಾನ ಘೋಷಣೆಗಿಂತ, ಹೊಸಪೇಟೆ, ಸಂಡೂರು, ಕಂಪ್ಲಿಯಂಥ ಊರುಗಳ ಮಕ್ಕಳಿಗೆ ಸಮೀಪದಲ್ಲೇ ದೀರ್ಘಾವಧಿಯ ರೇಟಿಂಗ್ ಟೂರ್ನಿಗಳು ನಡೆಯುವುದು ಮುಖ್ಯ. ಮೊದಲ ಹತ್ತು ನಡೆಗಳನ್ನು ಯಂತ್ರ ಕಲಿಸೀತು. ಐವತ್ತೈದನೆಯ ನಡೆಯನ್ನು ಕಲಿಸುವವರಾರು?